ಬಯಲುಸೀಮೆಯ ಕೆರೆಗಳಲ್ಲಿ ಗಾಳ: ಅನುಮತಿಯಿಂದ ಅಡುಗೆಮನೆಯವರೆಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈಗ ಶನಿವಾರ, ಭಾನುವಾರ ಬಂತೆಂದರೆ ಕೆರೆ ಏರಿಗಳ ಮೇಲೆ ರಾಡ್ ಹಿಡಿದವರು ಕಾಣಿಸುತ್ತಾರೆ. 2021 ಮತ್ತು 2022ರ ಮಳೆಗೆ ಎಷ್ಟೋ ವರ್ಷದಿಂದ ಬತ್ತಿದ್ದ ಕೆರೆಗಳು ಕೋಡಿ ಬಿದ್ದವು. ಆಮೇಲೆ ಗಾಳದ ಹವ್ಯಾಸಕ್ಕೆ ಹೊಸ ಜೀವ ಬಂದಂತೆ ನನಗೆ ಕಾಣುತ್ತದೆ. ಹೊಸಬರಲ್ಲಿ ಹೆಚ್ಚಿನವರು ಕಲಿಯುವುದು ಯೂಟ್ಯೂಬ್ ನೋಡಿ. ಅಲ್ಲಿರುವುದು ಅಮೆರಿಕದ ಬಾಸ್ ಮೀನು, ಕಾಶ್ಮೀರ, ಹಿಮಾಚಲದ ಟ್ರೌಟ್ ಮೀನು. ಟ್ರೌಟ್‌ಗೆ ತಣ್ಣಗೆ ಹರಿಯುವ ಹೊಳೆ ಬೇಕು. ದಕ್ಷಿಣದಲ್ಲಿ ನೀಲಗಿರಿ, ಮುನ್ನಾರ್ ಬಿಟ್ಟರೆ ಅದಕ್ಕೆ ನೆಲೆಯಿಲ್ಲ. ನಮ್ಮ ಬೇಸಿಗೆಯ ಕೆರೆ ನೀರಿನಲ್ಲಿ ಅದು ಉಳಿಯುವುದೇ ಇಲ್ಲ. ಬಾಸ್ ಕೂಡ ನಮ್ಮ ಕೆರೆಗಳಲ್ಲಿಲ್ಲ. ಆದರೆ ಅದರ ಹಾಗೆಯೇ ಜೊಂಡಿನಲ್ಲಿ ಅವಿತು ಕೂತು ಎರಗುವ ಮೀನು ನಮ್ಮಲ್ಲಿದೆ: ಕೊರವ. ಊರು ಬದಲಾದಂತೆ ಕುಚ್ಚು, ಮರ್ಲು, ಕೊರಮೀನು ಎಂದೂ ಕರೆಯುತ್ತಾರೆ. ಬಾಸ್‌ಗೆ ಹೇಳುವ ಕೈಚಳಕ ಕೊರವಕ್ಕೂ ಹೊಂದುತ್ತದೆ. ಹೊಂದದೇ ಇರುವುದು ಅಲ್ಲಿನ ಕಾನೂನು ಮತ್ತು ರೂಢಿ. ಅದಕ್ಕೇ ನಮ್ಮ ಕೆರೆಗಳನ್ನೇ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೇಳಿ, ಆಮೇಲೆ ಗಾಳ

“ಕೆರೆ ಸರ್ಕಾರದ್ದು, ಒಂದೆರಡು ಮೀನು ಹಿಡಿದರೆ ಯಾರಪ್ಪನ ಗಂಟು ಹೋಗುತ್ತೆ?” ಎಂಬ ಮಾತನ್ನು ಏರಿಯ ಮೇಲೆ ಆಗಾಗ ಕೇಳುತ್ತೇವೆ. ಗಂಟು ಹೋಗುತ್ತದೆ, ಬಡವರ ಗಂಟೇ ಹೋಗುತ್ತದೆ.

ನಮ್ಮ ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಸಾಮಾನ್ಯವಾಗಿ 5 ವರ್ಷದ ಗುತ್ತಿಗೆಗೆ ಕೊಡುತ್ತದೆ. ಮೀನುಗಾರರ ಸಹಕಾರ ಸಂಘಗಳು ಪಡೆಯುತ್ತವೆ, ಇಲ್ಲವೇ ಟೆಂಡರ್‌ನಲ್ಲಿ ಯಾರೋ ಹಿಡಿಯುತ್ತಾರೆ. ಸಣ್ಣ ಕೆರೆಗಳನ್ನು ಗ್ರಾಮ ಪಂಚಾಯಿತಿ ಹರಾಜು ಹಾಕುತ್ತದೆ. ಗುತ್ತಿಗೆ ಹಿಡಿದವರು ಮಳೆ ಬಂದ ಮೇಲೆ ದುಡ್ಡು ಕೊಟ್ಟು ಬಿತ್ತನೆ ಮರಿ ತಂದು ಬಿಡುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರ ಜುಲೈ 10ರಂದು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮರಿ ಉತ್ಪಾದನಾ ಕೇಂದ್ರಗಳು ಬೆಳೆದದ್ದು. ಜುಲೈ 10 ಇವತ್ತಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನ. ಹೀಗಾಗಿ ಕುಣಿಗಲ್ ದೊಡ್ಡಕೆರೆಯಲ್ಲಾಗಲಿ ಗುಡಿಬಂಡೆಯ ಅಮಾನಿ ಭೈರಸಾಗರದಲ್ಲಾಗಲಿ ನಿಮ್ಮ ಗಾಳಕ್ಕೆ ಕಾಟ್ಲಾ ಬಿತ್ತೆಂದರೆ, ಆ ಮೀನನ್ನು ಒಂದು ದಿನ ಯಾರೋ ಕಾಸು ಕೊಟ್ಟು ತಂದು ನೀರಿಗೆ ಬಿಟ್ಟಿದ್ದಾರೆ ಎಂದೇ ಅರ್ಥ. ಕೊರವ, ಜಿಲೇಬಿ (ತಿಲಾಪಿಯಾ), ಸಣ್ಣಪುಟ್ಟ ಗೆಂಡೆಗಳು ಮಾತ್ರ ಕೆರೆಯಲ್ಲೇ ಮರಿ ಮಾಡಿಕೊಂಡು ಬದುಕುತ್ತವೆ.

ಕೇಳುವುದು ಕಷ್ಟವೇನಲ್ಲ. ಕೆರೆ ಏರಿಯ ಮೇಲೋ ತೂಬಿನ ಹತ್ತಿರವೋ ಕಾವಲಿನವರ ಗುಡಿಸಲು ಇರುತ್ತದೆ. ರಾಡ್ ಬಿಚ್ಚುವುದಕ್ಕೆ ಮೊದಲು, ಬರಿಗೈಯಲ್ಲಿ ಅಲ್ಲಿಗೆ ಹೋಗಿ. “ಅಣ್ಣಾ, ಈ ಸಲ ಕೆರೆ ಯಾರ್ ಹಿಡ್ದವ್ರೆ? ಒಂದು ಗಾಳ ಹಾಕ್ಬೋದಾ?” ಎಂದು ಕೇಳಿದರೆ ಹೆಚ್ಚಿನವರು ಮುಖ ಮುರಿಯುವುದಿಲ್ಲ. ಕೆಲವರು ದಿನಕ್ಕಿಷ್ಟು ಎಂದು ತೆಗೆದುಕೊಳ್ಳುತ್ತಾರೆ, ಕೆಲವರು ಹಿಡಿದದ್ದನ್ನು ತೂಕ ಹಾಕಿ ದುಡ್ಡು ಕೇಳುತ್ತಾರೆ, ಕೆಲವರು “ಕೊರವ, ಜಿಲೇಬಿ ಹಿಡ್ಕೊಳ್ಳಿ, ಕಾಟ್ಲಾ ಬಿಟ್ಬಿಡಿ” ಎನ್ನುತ್ತಾರೆ. ಈ ಮೂರನೆಯದು ಇಬ್ಬರಿಗೂ ಒಳ್ಳೆಯ ಒಪ್ಪಂದ. ಬೇಡ ಎಂದರೆ ಚೌಕಾಸಿಗಿಳಿಯದೆ ಬೇರೆ ಕೆರೆ ನೋಡಿ. ಗುತ್ತಿಗೆದಾರರು ಯಾರೆಂದು ತಿಳಿಯದಿದ್ದರೆ ಪಂಚಾಯಿತಿ ಕಚೇರಿಯಲ್ಲೋ, ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲೋ ಕೇಳಿ. ಇಲಾಖೆಯೇ ನೋಡಿಕೊಳ್ಳುವ ಜಲಾಶಯವಾದರೆ ಪರವಾನಗಿ ಮಾಡಿಸಿ. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುವ ತಿಂಗಳುಗಳಲ್ಲಿ ಅಲ್ಲಿ ಹಿಡಿಯಲು ಬಿಡುತ್ತಾರೋ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಚೀಟಿ ಕೊಟ್ಟರೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ತುಮಕೂರಿಗೆ ನೀರು ಕೊಡುವ ಬುಗುಡನಹಳ್ಳಿ, ಚಿಕ್ಕಬಳ್ಳಾಪುರಕ್ಕೆ ಕೊಡುವ ಜಕ್ಕಲಮಡಗು, ಕೋಲಾರದ ಯರಗೋಳು ಇಂಥ ಕುಡಿಯುವ ನೀರಿನ ಜಾಗಗಳಿಗೆ ಗಾಳ ತೆಗೆದುಕೊಂಡು ಹೋಗಲೇಬೇಡಿ. ದೇವಸ್ಥಾನದ ಕಲ್ಯಾಣಿಯ ಮೀನೂ ಅಷ್ಟೇ, ಮುಟ್ಟಬಾರದು.

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇನ್ನೊಂದು ಮಾತು. 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ, ಆಮೇಲೆ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿರುವುದು ಎರಡು ಹಂತ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ಇಲ್ಲಿನ ಜನ ಹೋರಾಡುತ್ತಲೇ ಇದ್ದಾರೆ. ಆ ನೀರು ಸೇರುವ ಕೆರೆಯಲ್ಲಿ ಹಿಡಿದದ್ದನ್ನು ನಾನು ಮನೆಗೆ ತರುವುದಿಲ್ಲ. ಹಿಡಿಯಿರಿ, ನೋಡಿ, ಬಿಟ್ಟುಬಿಡಿ. ಆ ಕೆರೆಯಂಚಿಗೆ ಹೋಗಿ ಬಂದ ಮೇಲೆ ಕೈಕಾಲನ್ನು ಸೋಪು ಹಾಕಿ ತೊಳೆಯಿರಿ.

ಮೀನಿನ ಬಾಯಿ ನೋಡಿ ಆಳ ಕಟ್ಟಿ

ಯಾವ ಮೀನಿಗೆ ಎಷ್ಟು ಆಳ ಎಂಬುದನ್ನು ಮೀನಿನ ಬಾಯಿಯೇ ಹೇಳುತ್ತದೆ. ಕಾಟ್ಲಾದ ದೊಡ್ಡ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲ್ನೀರಿನಲ್ಲಿ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನದು, ತುಟಿಯಂಚು ನೆರಿಗೆ ನೆರಿಗೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯ (ಕಾಮನ್ ಕಾರ್ಪ್) ಬಾಯಿ ಕೆಳಮುಖ. ತಳದ ಕೆಸರು ಕೆದಕುವುದೇ ಅವುಗಳ ಕೆಲಸ. ನಿಂತ ನೀರಿನಲ್ಲಿ ಒಂದೇ ಕಡೆ ಸಾಲಾಗಿ ಗುಳ್ಳೆ ಏಳುತ್ತಿದ್ದರೆ ಕೆಳಗೆ ಗೆಂಡೆ ಮೇಯುತ್ತಿರಬಹುದು.

ತಳದ ಮೀನಿಗೆ ಆಳ ಅಳೆಯುವುದು ಹೀಗೆ: ಗಾಳಕ್ಕೆ ಭಾರದ ಸೀಸದ ಗುಂಡು ಸಿಕ್ಕಿಸಿ ಎಸೆಯಿರಿ. ಬೆಂಡು (ದಾರಕ್ಕೆ ಕಟ್ಟಿ ತೇಲಿಬಿಡುವ ತುಂಡು) ಮುಳುಗಿದರೆ ದಾರ ಸಾಲದು, ಮಲಗಿದರೆ ಜಾಸ್ತಿಯಾಗಿದೆ. ನೆಟ್ಟಗೆ ನಿಂತು ತುದಿ ಮಾತ್ರ ಕಾಣುವ ಹಾಗೆ ಬೆಂಡನ್ನು ಸರಿಸಿ. ಕಾಟ್ಲಾಗೆ ಬೆಂಡಿನಿಂದ ಎರಡು ಮೂರು ಅಡಿ ಕೆಳಗೆ ಗಾಳ ತೂಗಿದರೆ ಸಾಕು.

ಜಾಗ ಹುಡುಕುವಾಗ ಗಾಳಿ ಯಾವ ದಡಕ್ಕೆ ಬಡಿಯುತ್ತಿದೆ ನೋಡಿ. ಮೇವೆಲ್ಲ ತೇಲಿ ಆ ದಡಕ್ಕೆ ಬರುತ್ತದೆ, ಮೀನೂ ಹಿಂದೆಯೇ ಬರುತ್ತದೆ. ಕೆರೆ ಅಂಗಳದಲ್ಲಿ ನೆಟ್ಟ ಜಾಲಿ ಮರಗಳು ನೀರು ತುಂಬಿದಾಗ ಅರ್ಧ ಮುಳುಗಿರುತ್ತವಲ್ಲ, ಅವುಗಳ ಬುಡ, ಜೊಂಡಿನ ಅಂಚು, ತಾವರೆ ಎಲೆಗಳ ನಡುವಿನ ಸಂದು, ಹಳೆಯ ತೂಬಿನ ಕಲ್ಲುಗಳು ಕೊರವದ ಮನೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮತ್ತು ಸಂಜೆ ಒಳ್ಳೆಯ ಹೊತ್ತು. ಬೇಸಿಗೆಯ ನಸುಕಿನಲ್ಲಿ ಕಾಟ್ಲಾಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ. ಅವತ್ತು ಗಾಳ ಬೇಡ, ಕಾವಲಿನವರಿಗೆ ವಿಷಯ ಮುಟ್ಟಿಸಿ.

ಸಾಮಾನಿಗೆ ಜಾಸ್ತಿ ಖರ್ಚು ಬೇಡ

ಗೆಂಡೆ ಜಾತಿಗೆ ಹತ್ತು ಹನ್ನೆರಡಡಿಯ ಬಿದಿರು ಕೋಲು, 0.28 ಅಥವಾ 0.30 ಮಿಲಿಮೀಟರ್ ನೈಲಾನ್ ದಾರ, 6 ಅಥವಾ 8ನೇ ನಂಬರಿನ ಗಾಳ, ಜೋಳದ ದಂಟಿನ ಬೆಂಡು ಧಾರಾಳ ಸಾಕು. ಕೊರವಕ್ಕೆ ಆರೂವರೆ, ಏಳಡಿಯ ಗಟ್ಟಿ ರಾಡ್, 3000 ಸೈಜಿನ ರೀಲು, 30ರಿಂದ 40 ಪೌಂಡಿನ ಹೆಣೆದ ದಾರ ಬೇಕು. ತೆಳು ದಾರವಾದರೆ ಜೊಂಡಿಗೆ ಸಿಕ್ಕಿ ಹರಿದು, ಮೀನು ಬಾಯಲ್ಲಿ ಗಾಳ ಇಟ್ಟುಕೊಂಡೇ ಹೋಗುತ್ತದೆ. ಉದ್ದ ಮೂತಿಯ ಇಕ್ಕಳ ಮರೆಯಬೇಡಿ. ಅದೇ ಇಕ್ಕಳದಿಂದ ಗಾಳದ ಒಳಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿಟ್ಟುಕೊಳ್ಳಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದಿಲ್ಲ, ಬಿಡಿಸುವಾಗ ಬಾಯಿ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ.

ಸ್ಪ್ರಿಂಗಿನ ಸುತ್ತ ಆರೇಳು ಗಾಳ ಕಟ್ಟಿ ಹಿಟ್ಟಿನ ಉಂಡೆ ಮೆತ್ತಿ ಎಸೆಯುವ ಪದ್ಧತಿ ನಮ್ಮ ಕಡೆ ಬಹಳ. ಮೀನಿನ ಬಾಯಿಗಿಂತ ಕಣ್ಣಿಗೆ, ಹೊಟ್ಟೆಗೆ, ಕಿವಿರಿಗೆ ಚುಚ್ಚುವುದೇ ಹೆಚ್ಚು, ಅರ್ಧ ಹರಿದುಕೊಂಡು ಹೋದ ಮೀನು ಎಲ್ಲೋ ಸಾಯುತ್ತದೆ. ಒಂದೇ ಗಾಳ ಕಟ್ಟಿ, ಹೆಚ್ಚೆಂದರೆ ಎರಡು.

ಹಿಟ್ಟು ಕಲಸುವುದು

ಒಂದು ಪಾವು ಕಡಲೆಕಾಯಿ ಹಿಂಡಿ ಪುಡಿ, ಒಂದು ಪಾವು ಅಕ್ಕಿ ತೌಡು, ಅರ್ಧ ಪಾವು ಮೈದಾ, ಒಂದು ತುಂಡು ಬೆಲ್ಲ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಹಿಂಡಿ ಎಣ್ಣೆ ಗಾಣದಲ್ಲೇ ಸಿಗುತ್ತದೆ. ಹೊಸದಾಗಿರಲಿ, ಮುಗ್ಗಲು ಹಿಡಿದದ್ದು ಬೇಡ. ತೌಡನ್ನು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಬೆಲ್ಲ ಕರಗಿಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಕೈಯಲ್ಲಿ ಸೋಪು, ಬೀಡಿ, ಸೊಳ್ಳೆ ಮುಲಾಮಿನ ವಾಸನೆ ಇರಬಾರದು, ಗೆಂಡೆಯ ಮೂಗು ಬಲು ಚುರುಕು.

ಹದ ಪರೀಕ್ಷಿಸಲು ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ಬಕೆಟ್ ನೀರಿಗೆ ಹಾಕಿ ನೋಡಿ. ಕಾಟ್ಲಾಗೆ ಅದು ಹತ್ತು ನಿಮಿಷದೊಳಗೆ ಅಂಚಿನಿಂದ ಉದುರುತ್ತಾ ಮೋಡದ ಹಾಗೆ ಹರಡಬೇಕು, ಏಕೆಂದರೆ ಆ ಮೀನು ಕಚ್ಚುವುದಕ್ಕಿಂತ ಹೀರುವುದೇ ಹೆಚ್ಚು. ಗೆಂಡೆ, ಮೃಗಾಲ್‌ಗೆ ಅರ್ಧ ಗಂಟೆ ಉಂಡೆ ಗಟ್ಟಿಯಾಗಿ ತಳದಲ್ಲಿ ಕೂರಬೇಕು. ಬೇಗ ಕರಗಿದರೆ ಮೈದಾ ಸೇರಿಸಿ, ಕರಗದೆ ಇದ್ದರೆ ತೌಡು.

ಬೆಂಡು ಟಕಟಕ ಎಂದು ಕುಣಿದರೆ ಜಿಲೇಬಿಯೋ ಸಣ್ಣ ಮೀನೋ ಇರುತ್ತದೆ. ಎಳೆಯಬೇಡಿ. ಬೆಂಡು ಮುಳುಗುವ ಬದಲು ಮೇಲೆದ್ದು ಮಲಗಿತೆಂದರೆ ಗೆಂಡೆ ತಳದಿಂದ ಉಂಡೆ ಎತ್ತಿದೆ, ಕೋಲನ್ನು ಈಗ ಎತ್ತಿ. ರೋಹು ಬೆಂಡನ್ನು ಒಂದೇ ದಿಕ್ಕಿಗೆ ಎಳೆದುಕೊಂಡು ಹೊರಡುತ್ತದೆ. ಕಾಟ್ಲಾ ಬಂದರೆ ಬೆಂಡು ನಡುಗುತ್ತಾ ಸುಮ್ಮನೆ ಇಳಿಯುತ್ತದೆ. ಇದು ಕೂತು ನೋಡಿಯೇ ಬರಬೇಕಾದ ವಿದ್ಯೆ.

ಕೊರವಕ್ಕೆ ರಬ್ಬರ್ ಕಪ್ಪೆ

ಜೀವಂತ ಕಪ್ಪೆ ಸಿಕ್ಕಿಸುವುದನ್ನು ಬಿಟ್ಟುಬಿಡಿ. ಆ ಹಿಂಸೆ ಬೇಕಿಲ್ಲ, ಕಪ್ಪೆ ಇಲ್ಲದ ಗದ್ದೆಯಲ್ಲಿ ಹುಳು ತಿನ್ನುವವರೂ ಇರುವುದಿಲ್ಲ. ಅಂಗಡಿಯ ರಬ್ಬರ್ ಕಪ್ಪೆ ಜೊಂಡಿನ ಮೇಲೆ ಸಿಕ್ಕಿಕೊಳ್ಳದೆ ಜಾರುತ್ತದೆ, ಕೆಲಸವೂ ಚೆನ್ನಾಗಿ ಮಾಡುತ್ತದೆ.

ಮೀನು ಇದೆಯೆಂದು ಅನಿಸಿದ ಸಂದಿಗೇ ನೇರ ಎಸೆಯಬೇಡಿ. ಅದಕ್ಕಿಂತ ಹತ್ತಡಿ ಆಚೆ ಎಸೆದು, ಎಲೆಗಳ ಮೇಲೆ ಕುಪ್ಪಳಿಸುತ್ತಾ ತಂದು ಸಂದಿನಲ್ಲಿ ನಿಲ್ಲಿಸಿ. ಐದಾರು ಎಣಿಸುವವರೆಗೆ ಅಲುಗಾಡಿಸಬೇಡಿ. ಕೊರವ ಹೊಡೆಯುವುದು ಹೆಚ್ಚಾಗಿ ಈ ನಿಂತ ಹೊತ್ತಿನಲ್ಲೇ. ಧಡ್ ಎಂದು ನೀರು ಒಡೆದಾಗ ಹೊಸಬರು ಬೆಚ್ಚಿ ಎಳೆದುಬಿಡುತ್ತಾರೆ, ಕಪ್ಪೆ ಖಾಲಿಯಾಗಿ ಹಾರಿಬರುತ್ತದೆ. ರಾಡ್ ತುದಿ ನೀರಿನ ಕಡೆ ಇಳಿಸಿ, ಸಡಿಲ ದಾರ ಸುತ್ತಿ, ಭಾರ ಕೈಗೆ ತಾಗಿದ ಮೇಲೆ ಬಲವಾಗಿ ಮೇಲಕ್ಕೆ ಎತ್ತಿ. ಒಂದು ಸಲ ಸಿಕ್ಕಿದ ಮೇಲೆ ತಡ ಮಾಡಬೇಡಿ, ಜೊಂಡಿನ ಬುಡಕ್ಕೆ ನುಗ್ಗಲು ಬಿಡದೆ ಬಯಲು ನೀರಿಗೆ ತನ್ನಿ.

ಕೊರವ ಗಾಳಿ ಕುಡಿಯಲು ಆಗಾಗ ಮೇಲೆ ಬರುತ್ತದೆ. ಸುಮ್ಮನೆ ಕೂತು ನೋಡುತ್ತಿದ್ದರೆ ಎಲೆಗಳ ನಡುವೆ ಒಂದು ಸಣ್ಣ “ಪ್ಲಕ್” ಸದ್ದು, ಒಂದು ಗುಳ್ಳೆ. ಜಾಗ ಗೊತ್ತಾಯಿತು.

ಕೆಂಪು ಮರಿ ಕಂಡರೆ ಗಾಳ ಎತ್ತಿ

ಈ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮಳೆ ಶುರುವಾದ ಮೇಲೆ ದಡದ ಹತ್ತಿರ, ಒಂದು ತಟ್ಟೆಯಗಲದ ಜಾಗದಲ್ಲಿ ನೀರು ಎಸರಿನ ಹಾಗೆ ಕುದಿಯುತ್ತಿರುವುದು ಕಾಣುತ್ತದೆ. ಬಗ್ಗಿ ನೋಡಿದರೆ ಕೆಂಪು ಕೇಸರಿ ಬಣ್ಣದ ನೂರಾರು ಮರಿಗಳು ಗುಂಪಾಗಿ ಮೇಲೆ ಬಂದು ಗಾಳಿ ಕುಡಿದು, ಒಟ್ಟಿಗೇ ಕೆಳಗಿಳಿಯುತ್ತವೆ. ಅದರ ಒಂದಡಿ ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಕೊರವ ಮರಿಗಳನ್ನು ಕೈಬಿಡುವ ಮೀನಲ್ಲ; ಮರಿಗಳ ಕೆಂಪು ಹೋಗಿ ಮೈ ಬಣ್ಣ ಬದಲಾಗುವವರೆಗೂ ಸುತ್ತಲೇ ಇರುತ್ತದೆ. ಹತ್ತಿರ ಏನು ಬಂದರೂ ಎರಗುತ್ತದೆ, ಹಸಿವಿನಿಂದಲ್ಲ, ಮರಿಗಳನ್ನು ಉಳಿಸಲು. ಆ ಗುಂಪಿನ ನಡುವೆ ಕಪ್ಪೆ ಎಸೆದರೆ ಎಂಥ ಅನನುಭವಿಗೂ ದೊಡ್ಡ ಮೀನು ಸಿಗುತ್ತದೆ. ಅದಕ್ಕೇ ಎಷ್ಟೋ ಜನ ಕೆಂಪು ಮರಿ ಹುಡುಕಿಕೊಂಡೇ ಕೆರೆ ಸುತ್ತುತ್ತಾರೆ, ದೊಡ್ಡ ಮೀನಿನ ಜೊತೆ ಫೋಟೊ ಹಾಕುತ್ತಾರೆ.

ಕಾವಲು ಹೋದ ಮೇಲೆ ಆ ಮರಿಗಳನ್ನು ಜಿಲೇಬಿ, ಬೇರೆ ಮೀನು, ನೀರುಕಾಗೆ ಸೇರಿ ಮುಗಿಸುತ್ತವೆ. ಬಿತ್ತನೆ ಮರಿ ತಂದು ಬಿಡುವ ಕಾಟ್ಲಾದಂತೆ ಕೊರವವನ್ನು ನಮ್ಮ ಕೆರೆಗಳಿಗೆ ತಂದು ತುಂಬುವವರು ಅಪರೂಪ. ತಾನಾಗಿ ಬೆಳೆದರೆ ಉಂಟು. ಮರಿ ಗುಂಪು ಕಂಡರೆ ಅಲ್ಲಿಂದ ದೂರ ಸರಿಯಿರಿ. ಗೊತ್ತಿಲ್ಲದೆ ಕಾವಲಿನ ಮೀನು ಸಿಕ್ಕಿಬಿದ್ದರೆ ತೂಕ, ಫೋಟೊ ಏನೂ ಬೇಡ, ಹಿಡಿದ ಜಾಗದಲ್ಲೇ ತಕ್ಷಣ ಬಿಡಿ. ಅದು ಮರಿಗಳ ಬಳಿಗೆ ಹಿಂತಿರುಗಬೇಕು. ಜಾಗವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಬಿಡುವುದಾದರೆ ಹೀಗೆ

ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಒಣ ಕೈ, ಬಟ್ಟೆ, ಏರಿಯ ಕಾದ ಕಲ್ಲು ಮೂರೂ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತವೆ, ಆ ಜಾಗಕ್ಕೆ ಬೂಷ್ಟು ಹಿಡಿಯುತ್ತದೆ. ಕಿವಿರಿನೊಳಗೆ ಬೆರಳು ತೂರಿಸಿ ಎತ್ತಬೇಡಿ. ಗಾಳ ಗಂಟಲೊಳಗೆ ಹೋಗಿದ್ದರೆ ಅಗೆಯಬೇಡಿ, ದಾರವನ್ನು ಹತ್ತಿರಕ್ಕೆ ಕತ್ತರಿಸಿ ಬಿಡಿ. ಕೊರವ ಗಟ್ಟಿ ಜೀವ, ಸ್ವಲ್ಪ ಹೊತ್ತು ತಡೆಯುತ್ತದೆ. ಕಾಟ್ಲಾ, ರೋಹು ತಡೆಯುವುದಿಲ್ಲ. ಏಪ್ರಿಲ್, ಮೇ ಮಧ್ಯಾಹ್ನದಲ್ಲಿ ಬಿಟ್ಟ ಕಾಟ್ಲಾ ಈಜಿ ಹೋದಂತೆ ಕಂಡರೂ ಸಾಯಬಹುದು. ನೀರಿನಲ್ಲೇ ಹೊಟ್ಟೆಯಡಿ ಕೈ ಕೊಟ್ಟು ನೆಟ್ಟಗೆ ಹಿಡಿದಿರಿ, ತಾನಾಗಿ ಬಾಲ ಬೀಸಿ ಹೊರಡಲಿ.

ಇಟ್ಟುಕೊಳ್ಳುವ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಒದ್ದಾಡಲು ಬಿಡಬೇಡಿ. ಕಣ್ಣುಗಳ ಹಿಂದೆ ತಲೆಯ ಮೇಲೆ ದೊಣ್ಣೆಯಿಂದ ಒಂದೇ ಬಲವಾದ ಏಟು, ಆಮೇಲೆ ಕಿವಿರು ಕೊಯ್ದು ರಕ್ತ ಹರಿಸಿ. ಮಾಂಸವೂ ಕೆಡುವುದಿಲ್ಲ. ಒಂದು ಕಿಲೋ ತುಂಬದ ಗೆಂಡೆ ಜಾತಿ, ಒಂದೂವರೆ ಅಡಿ ಇಲ್ಲದ ಕೊರವ ನನ್ನ ಮಟ್ಟಿಗೆ ವಾಪಸ್ ನೀರಿಗೆ. ಜಿಲೇಬಿಗೆ ಈ ಲೆಕ್ಕ ಬೇಡ. 1952ರಲ್ಲಿ ದೇಶಕ್ಕೆ ತಂದ ಮೀನದು, ಬಾಯಲ್ಲೇ ಮರಿ ಕಾಪಾಡಿ ಕೆರೆಯೆಲ್ಲ ತುಂಬಿಕೊಂಡಿದೆ. ಎಷ್ಟು ಬೇಕೋ ಅಷ್ಟು ಹಿಡಿಯಿರಿ.

ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಬಿಡಲೇಬೇಡಿ. ಅದರ ಸಾಕಣೆಗೆ ನಿಷೇಧವಿದೆ, ಕೆರೆ ಸೇರಿದರೆ ಊರಿನ ಮೀನುಗಳನ್ನು ಉಳಿಸುವುದಿಲ್ಲ. ಅಕ್ವೇರಿಯಂನಿಂದ ತಂದು ಬಿಟ್ಟ, ಮೈಯೆಲ್ಲ ಗಟ್ಟಿ ಚಿಪ್ಪಿನ ಸಕ್ಕರ್ ಮೀನೂ ಹಾಗೆಯೇ. ಒಂದು ಕೆರೆಯ ಜೀವಂತ ಮೀನನ್ನು ಇನ್ನೊಂದು ಕೆರೆಗೆ ಸಾಗಿಸಬೇಡಿ. ಆಮೆ ಸಿಕ್ಕಿಕೊಂಡರೆ ದಾರ ಕತ್ತರಿಸಿ ನೀರಿಗೆ ಬಿಡಿ. ನಮ್ಮ ಕೆರೆಗಳ ಆಮೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಮನೆಗೆ ತಂದರೆ ಜೈಲು.

ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿದೆ, ಸುಣ್ಣ ಕದಡುವುದೂ ಅದರಲ್ಲೇ ಸೇರಿದೆ. ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಬೇರೆ ಇದೆ. ಆದರೂ ಬತ್ತುತ್ತಿರುವ ಗುಂಡಿಗಳಿಗೆ ಬ್ಲೀಚಿಂಗ್ ಪುಡಿ, ತೋಟದ ಔಷಧಿ ಸುರಿಯುವವರು, ಕರೆಂಟ್ ಬಿಡುವವರು ಇದ್ದಾರೆ. ಒಬ್ಬರೇ ಜಗಳಕ್ಕೆ ಹೋಗಬೇಡಿ. ದೂರದಿಂದ ವಿಡಿಯೊ ಮಾಡಿ, 112ಕ್ಕೆ ಕರೆ ಮಾಡಿ, ಗುತ್ತಿಗೆದಾರರಿಗೆ ತಿಳಿಸಿ. ಅಲ್ಲಿನ ನೀರು ದನ ಕುಡಿಯದಂತೆ ಊರಿನವರಿಗೂ ಹೇಳಿ.

ಹರಿದ ನೈಲಾನ್ ದಾರವನ್ನು ಒಂದು ಗೇಣೂ ಬಿಡದೆ ಸುತ್ತಿ ಜೇಬಿಗೆ ಹಾಕಿಕೊಳ್ಳಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮೇವಿಗೆ ಇಳಿಯುವುದು ಸುತ್ತಲಿನ ಇದೇ ಕೆರೆಗಳಿಗೆ. ಕಾಲಿಗೆ ದಾರ ಸುತ್ತಿಕೊಂಡ ಹಕ್ಕಿ ಮರಕ್ಕೆ ಹೋದಾಗ ಕೊಂಬೆಗೆ ಸಿಕ್ಕಿ ತಲೆಕೆಳಗಾಗಿ ನೇತಾಡಿ ಸಾಯುತ್ತದೆ.

ನೀರಿನ ಅಪಾಯ

ಕೆರೆ ಅಂಗಳದಲ್ಲಿ ಮಣ್ಣು, ಮರಳು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಮೊಣಕಾಲು ನೀರಿನ ಪಕ್ಕದ ಹೆಜ್ಜೆಯಲ್ಲೇ ಎರಡಾಳು ಆಳ. ಸಿಕ್ಕಿಕೊಂಡ ಕಪ್ಪೆ ಬಿಡಿಸಲು ನೀರಿಗೆ ಇಳಿಯಬೇಡಿ, ಇನ್ನೂರು ರೂಪಾಯಿಯ ರಬ್ಬರ್ ಹೋದರೆ ಹೋಗಲಿ. ನೀರು ಬಿಟ್ಟಿರುವ ತೂಬಿನ ಹತ್ತಿರ ನಿಲ್ಲಬೇಡಿ. ಗುಡುಗು ಶುರುವಾದರೆ, ಮೇಲೆ ಕರೆಂಟ್ ತಂತಿ ಹಾದಿದ್ದರೆ ಕಾರ್ಬನ್ ರಾಡ್ ಎತ್ತಲೇಬೇಡಿ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೋಗುವವರು ಗಮನವಿಟ್ಟು ಓದಿ. ಶಿಂಷಾ ನದಿಯ ಆ ಅಣೆಕಟ್ಟೆಯಲ್ಲಿ ಸೈಫನ್‌ಗಳಿವೆ. ನೀರು ಒಂದು ಮಟ್ಟ ಮುಟ್ಟುತ್ತಿದ್ದಂತೆ, ಯಾರೂ ಗೇಟು ಎತ್ತದೆ, ಅವು ತಾವಾಗಿ ಚಾಲೂ ಆಗಿ ಒಮ್ಮೆಲೇ ಭೋರ್ಗರೆಯುತ್ತವೆ. ಕೆಳಗಿನ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಮೀನು ಎಷ್ಟೇ ಕಾಣಲಿ, ಮಳೆಗಾಲದಲ್ಲಿ ಅಲ್ಲಿಗೆ ಇಳಿಯಬೇಡಿ.

ಮನೆಗೆ ತಂದ ಮೇಲೆ

ಕೊರವದ ಲೋಳೆಗೆ ಒಲೆಯ ಬೂದಿ ಹಚ್ಚಿ ಒರಟು ಕಲ್ಲಿಗೆ ತಿಕ್ಕುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಜಿಲೇಬಿಯ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಪೂರ್ತಿ ಕೆರೆದು ತೆಗೆಯಿರಿ, ಉಳಿದರೆ ಕಹಿ ಬರಬಹುದು. ಗೆಂಡೆಯನ್ನು ಉಪ್ಪು, ಹುಣಸೆ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೊಳೆಯಿರಿ. ರೋಹು, ಕಾಟ್ಲಾದ ಮಾಂಸದೊಳಗೆ ಕವಲು ಮುಳ್ಳು ಇರುತ್ತದೆ. ಮಕ್ಕಳಿಗೆ ಕೊರವದ ತುಂಡು ಕೊಡಿ, ಕಾಟ್ಲಾದ ತಲೆ ದೊಡ್ಡವರ ಸಾರಿಗೆ, ಮುದ್ದೆಯ ಜೊತೆಗೆ. ಕರುಳು, ಪೊರೆಯನ್ನು ಕೆರೆಯಂಚಿನಲ್ಲಿ ಎಸೆದು ಬರದೆ ಮನೆಗೆ ತಂದು ತೆಂಗಿನ ಬುಡದಿಂದ ಸ್ವಲ್ಪ ದೂರಕ್ಕೆ ಗುಂಡಿ ತೆಗೆದು ಹೂಳಿ. ಒಂದಡಿಯಾದರೂ ಆಳ ಇರಲಿ, ಇಲ್ಲದಿದ್ದರೆ ರಾತ್ರಿಯೇ ನಾಯಿಗಳು ಕೆದಕುತ್ತವೆ.